ಸರ್ಕಾರಿ ದುಡ್ಡಿನ ಕಟ್ಟಡ ಕೆಲಸ, ವಾರ ವಾರ ಸರ್ಟಿಫೈಡ್ ಪೇರೋಲ್: ಸಣ್ಣ ಕಂಪನಿಗೆ ಯಾವ ಸಾಫ್ಟ್‌ವೇರ್ ಆಗುತ್ತೆ?

ಸ್ಯಾಕ್ರಮೆಂಟೊ ಲೆಕ್ಕಪತ್ರ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಣ್ಣ ಕಾಂಕ್ರೀಟ್ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ಜನ ಕೆಲಸಗಾರರು, ಇಬ್ಬರು ಫೋರ್‌ಮನ್. ಇಷ್ಟು ದಿನ ಮನೆ, ಅಂಗಡಿ, ಡ್ರೈವ್‌ವೇ ಅಂತ ಖಾಸಗಿ ಕೆಲಸವೇ ಮಾಡಿದ್ದು. ಈಗ ಮೊದಲ ಸಲ ಸರ್ಕಾರಿ ಕೆಲಸದಲ್ಲಿ ಸಬ್ ಕಂಟ್ರಾಕ್ಟ್ ಸಿಕ್ಕಿದೆ. ದುಡ್ಡು ಒಂದಷ್ಟು ಫೆಡರಲ್ ಸರ್ಕಾರದ್ದು, ಒಂದಷ್ಟು ರಾಜ್ಯದ್ದು. ಪ್ರತಿ ವಾರ ಸರ್ಟಿಫೈಡ್ ಪೇರೋಲ್, ಅಂದರೆ ಯಾರು ಯಾವ ಕೆಲಸ ಎಷ್ಟು ಗಂಟೆ ಮಾಡಿದರು, ಎಷ್ಟು ಕೂಲಿ ಕೊಟ್ಟೆವು ಅಂತ ಸಹಿ ಮಾಡಿದ ವರದಿ, ಕೊಡಬೇಕು ಅಂತ ಪ್ರೈಮ್ ಕಂಟ್ರಾಕ್ಟರ್ (ಮುಖ್ಯ ಗುತ್ತಿಗೆದಾರರು) ಪತ್ರ ಕಳಿಸಿದ್ದಾರೆ.

ನಮ್ಮ ಹತ್ತಿರ ಸಾಮಾನ್ಯ ಪೇರೋಲ್ ಸೇವೆ ಇದೆ. ಸಂಬಳ ಹಾಕುತ್ತೆ, ತೆರಿಗೆ ಕಟ್ಟುತ್ತೆ, ಅಷ್ಟೇ. ಕೆಲವು ಕಂಪನಿಗಳ ಡೆಮೊ ನೋಡಿದೆ. ಎಲ್ಲರದ್ದೂ ಒಂದೇ ಮಾತು: ಬಟನ್ ಒತ್ತಿದರೆ ಈ ವರದಿಯ ಡಬ್ಲ್ಯುಎಚ್-347 ಫಾರ್ಮ್ ಬರುತ್ತೆ. ಬೆಲೆ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಏನು ನೋಡಿ ಆರಿಸಬೇಕು? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಬೇ ಏರಿಯಾ ಪೇರೋಲ್

ಮೇಡಂ, ಫಾರ್ಮ್ ಬರುವುದು ದೊಡ್ಡ ವಿಷಯವಲ್ಲ. ಅದು ಅಮೆರಿಕದ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆ ಫಾರ್ಮೇ ಬೇಕು ಅಂತಲೂ ಕಡ್ಡಾಯವಿಲ್ಲ, ಅದರಲ್ಲಿರುವ ಮಾಹಿತಿ ಮತ್ತು ಸಹಿ ಮಾಡಿದ ಹೇಳಿಕೆ ಇದ್ದರೆ ಸಾಕು. ಫಾರ್ಮಿನೊಳಗೆ ಹೋಗುವ ಗಂಟೆಗಳು ಸರಿ ಇವೆಯಾ ಅನ್ನುವುದೇ ಅಸಲಿ ಪ್ರಶ್ನೆ. ಸೈಟಿನಲ್ಲಿ ಯಾರು, ಯಾವ ಕೆಲಸ, ಎಷ್ಟು ಹೊತ್ತು ಮಾಡಿದರು ಅನ್ನುವುದು ಅವತ್ತೇ ದಾಖಲಾಗಬೇಕು. ಅದನ್ನು ಸಲೀಸಾಗಿ ಮಾಡಿಸುವ ಸಾಫ್ಟ್‌ವೇರ್ ನಿಮಗೆ ಬೇಕು. ವರದಿ ಚೆಂದ ಕಾಣುವುದು ಆಮೇಲಿನ ಮಾತು.

ಈ ಕಾನೂನು ಯಾಕೆ ಬಂತು ಅಂತ ತಿಳಿದರೆ ಸಾಫ್ಟ್‌ವೇರಿನಲ್ಲಿ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಾಜಿ ಸೈನಿಕರಿಗಾಗಿ ಫೆಡರಲ್ ಆಸ್ಪತ್ರೆ ಕಟ್ಟುವಾಗ, ಅಲಬಾಮದ ಗುತ್ತಿಗೆದಾರನೊಬ್ಬ ಅಲ್ಲಿಂದಲೇ ಕಡಿಮೆ ಕೂಲಿಯ ಜನರನ್ನು ಕರೆತಂದು ಕೆಲಸ ಮಾಡಿಸಿದ. ಅಲ್ಲಿನ ಸಂಸದ ರಾಬರ್ಟ್ ಬೇಕನ್ ಅದನ್ನು ಹಿಡಿದುಕೊಂಡು ಮಸೂದೆ ತಂದರು. ಅದೇ 1931ರಲ್ಲಿ ಡೇವಿಸ್-ಬೇಕನ್ ಕಾಯ್ದೆ ಆಯಿತು. 2,000 ಡಾಲರ್ ಮೀರಿದ ಫೆಡರಲ್ ಕಟ್ಟಡ ಕೆಲಸದಲ್ಲಿ ಆ ಊರಿನಲ್ಲಿ ಆ ಕಸುಬಿಗೆ ನಡೆಯುವ ಕೂಲಿಯನ್ನೇ ಕೊಡಬೇಕು. ಆದರೆ ಕೆಲವರು ಕಾಗದದಲ್ಲಿ ಪೂರ್ತಿ ಕೂಲಿ ತೋರಿಸಿ, ಅದರಲ್ಲಿ ಒಂದು ಪಾಲನ್ನು ಕೆಲಸಗಾರನಿಂದ ವಾಪಸ್ ಕಿತ್ತುಕೊಳ್ಳುತ್ತಿದ್ದರು. ಅದನ್ನು ತಡೆಯಲು 1934ರಲ್ಲಿ ಕೋಪ್‌ಲ್ಯಾಂಡ್ ಕಾಯ್ದೆ ಬಂತು. ಈ ವಾರದ ವರದಿಯ ಮೂಲ ಅಲ್ಲಿದೆ. ಸಂಬಳ ಕೊಟ್ಟ ಏಳು ದಿನದೊಳಗೆ ವರದಿ ಹೋಗಬೇಕು.

ಇನ್ನೊಂದು ಮಾತು. ಸರ್ಕಾರ ಯಾವ ಸಾಫ್ಟ್‌ವೇರಿಗೂ ಮುದ್ರೆ ಒತ್ತಿ ಕೊಡುವುದಿಲ್ಲ. ಪ್ರಮಾಣ ಮಾಡುವುದು ಸಹಿ ಹಾಕುವ ಮನುಷ್ಯ. ನಿಮ್ಮಲ್ಲಿ ಸಹಿ ಯಾರದು? ನಿಮ್ಮದೇ ಆದರೆ ಇನ್ನೂ ಜಾಗ್ರತೆ. ಬೇಕಂತಲೇ ಸುಳ್ಳು ತುಂಬಿದರೆ ಸಿವಿಲ್, ಕ್ರಿಮಿನಲ್ ಎರಡೂ ಕೇಸು ಬೀಳಬಹುದು. ಕಂಪನಿಯನ್ನು ಮೂರು ವರ್ಷ ಫೆಡರಲ್ ಕೆಲಸದಿಂದ ಹೊರಗಿಡಬಹುದು.

ಹೂಸ್ಟನ್ ಸೈಟ್ ಮ್ಯಾನೇಜರ್

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಒಂದೇ ಪ್ರಾಜೆಕ್ಟ್, ಇಪ್ಪತ್ತು ಜನ. ಅದರಲ್ಲೂ ಸರ್ಕಾರಿ ಸೈಟಿಗೆ ಹೋಗುವವರು ಎಂಟು ಹತ್ತು ಜನ ಇರಬಹುದು. ಇದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವ ಸಾಫ್ಟ್‌ವೇರ್ ಯಾಕೆ? ಎಕ್ಸೆಲ್ ಇದೆ, ಇಲಾಖೆಯ ಫಾರ್ಮ್ ಇದೆ. ಮೊದಲ ಕೆಲಸ ಕೈಯಲ್ಲೇ ಮಾಡಿ ನೋಡಿ. ಕೈಯಲ್ಲಿ ಮಾಡಿದರೆ ಪ್ರತಿ ಕಾಲಂ ಏನು ಅಂತ ಅರ್ಥವಾಗುತ್ತೆ. ಎರಡನೇ ಮೂರನೇ ಪ್ರಾಜೆಕ್ಟ್ ಬಂದಾಗ ಕೊಳ್ಳಿ.

ಆದರೆ ಒಂದಕ್ಕೆ ಈಗಲೇ ಖರ್ಚು ಮಾಡಿ: ಫೋರ್‌ಮನ್ ಫೋನಿನಲ್ಲಿ ಗಂಟೆ ಬರೆಯುವ ಆ್ಯಪ್. ಶುಕ್ರವಾರ ಸಂಜೆ ಪಿಕಪ್ ಟ್ರಕ್ಕಿನಲ್ಲಿ ಕೂತು ಇಡೀ ವಾರದ ಗಂಟೆಗಳನ್ನು ನೆನಪಿನಿಂದ ತುಂಬುವ ಫೋರ್‌ಮನ್‌ಗಳನ್ನು ಬಹಳ ನೋಡಿದ್ದೇನೆ. ಎಲ್ಲರಿಗೂ ಎಂಟೆಂಟು ಗಂಟೆ, ಎಲ್ಲರೂ ಲೇಬರರ್. ಆ ಮೂಲವೇ ತಪ್ಪಾದರೆ ಮುಂದೆ ಯಾವ ಸಾಫ್ಟ್‌ವೇರ್ ಇದ್ದರೂ ಪ್ರಯೋಜನ ಇಲ್ಲ. ಆ್ಯಪ್ ಸ್ಪ್ಯಾನಿಷ್‌ನಲ್ಲೂ ಇರಬೇಕು, ಮರೆಯಬೇಡಿ.

ಬೇ ಏರಿಯಾ ಪೇರೋಲ್

ಆ್ಯಪ್ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಎಕ್ಸೆಲ್ ಮಾತು ಟೆಕ್ಸಾಸಿಗೆ ಸರಿ ಹೋಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಇವರಿಗೆ ಎರಡು ಕಾನೂನು ಒಟ್ಟಿಗೆ ಮೈಮೇಲೆ ಬರುತ್ತವೆ. ಫೆಡರಲ್ ದರ ಒಂದು, ರಾಜ್ಯದ ದರ ಒಂದು. ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಓವರ್‌ಟೈಮ್ ನಿಯಮವೂ ಬೇರೆ. ಫೆಡರಲ್ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ಮೀರಿದರೇ ಓವರ್‌ಟೈಮ್. ವರದಿಯೂ ಎರಡು ಕಡೆ: ಕೆಲಸ ಕೊಟ್ಟ ಇಲಾಖೆಗೆ ಒಂದು, ರಾಜ್ಯದ ಕೈಗಾರಿಕಾ ಸಂಬಂಧಗಳ ಇಲಾಖೆ ಡಿಐಆರ್‌ನ ಪೋರ್ಟಲ್‌ಗೆ ಇನ್ನೊಂದು.

ಹಾಗಾಗಿ ಮೊದಲು ಪ್ರೈಮ್ ಕಂಟ್ರಾಕ್ಟರ್‌ಗೆ ಒಂದು ಇಮೇಲ್ ಹಾಕಿ: ವರದಿ ಯಾವ ಪೋರ್ಟಲ್‌ಗೆ ಹೋಗಬೇಕು? ಬಹಳ ಕಡೆ ಎಲ್‌ಸಿಪಿಟ್ರ್ಯಾಕರ್ ಅನ್ನುತ್ತಾರೆ. ರಸ್ತೆ ಇಲಾಖೆಗಳಲ್ಲಿ ಆಶ್ಟೋವೇರ್ ಇರಬಹುದು. ಇವು ಸಂಬಳ ಲೆಕ್ಕ ಹಾಕಿ ಚೆಕ್ ಕೊಡುವ ಸಾಫ್ಟ್‌ವೇರ್‌ಗಳಲ್ಲ. ವರದಿ ತೆಗೆದುಕೊಂಡು ತಾಳೆ ನೋಡುವುದಕ್ಕೆ ಇಲಾಖೆಯವರು ಇಟ್ಟುಕೊಂಡಿರುವುದು. ಸಾಮಾನ್ಯವಾಗಿ ಸಬ್ ಕಂಟ್ರಾಕ್ಟರ್ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಫೌಂಡೇಶನ್, ಸೇಜ್ 100 ಕಂಟ್ರಾಕ್ಟರ್ ಥರದವು ಕಟ್ಟಡ ಕಂಪನಿಗಳ ಪೂರ್ತಿ ಲೆಕ್ಕಪತ್ರ ನೋಡಿಕೊಳ್ಳುತ್ತವೆ. ಪಾಯಿಂಟ್ಸ್ ನಾರ್ತ್ ಥರದವು ಈಗಿರುವ ಪೇರೋಲ್‌ನಿಂದ ಡೇಟಾ ಎತ್ತಿಕೊಂಡು ವರದಿ ಮಾಡಿಕೊಡುತ್ತವೆ. ಇಪ್ಪತ್ತು ಜನರ ಕಂಪನಿ ಇಡೀ ಲೆಕ್ಕಪತ್ರವನ್ನೇ ಬದಲಾಯಿಸುವ ಗೋಜಿಗೆ ಈಗಲೇ ಹೋಗಬಾರದು ಅಂತ ನನ್ನ ಅಭಿಪ್ರಾಯ. ಮೂರನೇ ಥರದ್ದನ್ನೇ ಮೊದಲು ನೋಡಿ.

ಪೋರ್ಟಲ್ ಯಾವುದು ಅಂತ ಗೊತ್ತಾಗದೆ ಸಾಫ್ಟ್‌ವೇರ್ ಕೊಂಡರೆ ಪ್ರತಿ ವಾರ ಅದೇ ಅಂಕಿಗಳನ್ನು ಮತ್ತೊಮ್ಮೆ ಕೈಯಲ್ಲಿ ಟೈಪ್ ಮಾಡುವ ಪಾಡು ಬರುತ್ತೆ.

ಸ್ಯಾಕ್ರಮೆಂಟೊ ಲೆಕ್ಕಪತ್ರ

ತುಂಬಾ ಥ್ಯಾಂಕ್ಸ್ ಸರ್. ಸಹಿ ಮಾಲೀಕರದು, ತಯಾರಿ ನನ್ನದು. ಇಮೇಲ್ ಇವತ್ತೇ ಹಾಕುತ್ತೇನೆ. ಒಂದು ಗೊಂದಲ ಇದೆ. ನಮ್ಮ ಹುಡುಗರು ಒಂದೇ ದಿನ ಎರಡು ಥರ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಮಣ್ಣು ತೆಗೆದು ಸೆಂಟ್ರಿಂಗ್ ಹಲಗೆ ಹೊರುವುದು, ಮಧ್ಯಾಹ್ನ ಕಾಂಕ್ರೀಟ್ ಸುರಿದ ಮೇಲೆ ಕರಣೆ ಹಿಡಿದು ಫಿನಿಶಿಂಗ್. ಇವರನ್ನು ಏನಂತ ಬರೆಯುವುದು? ಫ್ರಿಂಜ್ ಲೆಕ್ಕವೂ ತಲೆಗೆ ಹೋಗುತ್ತಿಲ್ಲ.

ಬೇ ಏರಿಯಾ ಪೇರೋಲ್

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಜಗಳವೆಲ್ಲ ಇಲ್ಲೇ ಆಗುವುದು.

ಹಲಗೆ ಹೊತ್ತ ಹೊತ್ತು ಲೇಬರರ್ ದರ. ಕರಣೆ ಹಿಡಿದ ಹೊತ್ತು ಸಿಮೆಂಟ್ ಮೇಸನ್ ದರ. ಹೀಗೆ ಎರಡು ದರ ಕೊಡಬಹುದು, ಆದರೆ ಪ್ರತಿಯೊಂದಕ್ಕೂ ಹಿಡಿದ ಹೊತ್ತು ಬೇರೆ ಬೇರೆಯಾಗಿ ದಾಖಲಾಗಿರಬೇಕು. ದಾಖಲೆ ಇಲ್ಲದಿದ್ದರೆ ಇಡೀ ದಿನಕ್ಕೆ ಹೆಚ್ಚಿನ ದರವನ್ನೇ ಕೇಳುತ್ತಾರೆ. ಕಂಪನಿಯಲ್ಲಿ ಅವನ ಹುದ್ದೆಯ ಹೆಸರು ಏನೇ ಇರಲಿ, ಕೈಯಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ. ಆದ್ದರಿಂದ ಒಬ್ಬ ಮನುಷ್ಯನಿಗೆ ಒಂದೇ ದಿನದಲ್ಲಿ ಎರಡು ಕಸುಬು ಹಾಕಲು ಬಿಡದ ಸಾಫ್ಟ್‌ವೇರ್ ನಿಮಗೆ ಬೇಡವೇ ಬೇಡ.

ಫ್ರಿಂಜ್ ಅಂದರೆ ಮೂಲ ಕೂಲಿಯ ಮೇಲೆ ಆರೋಗ್ಯ ವಿಮೆ, ಪಿಂಚಣಿ, ರಜೆ ಇಂಥವಕ್ಕೆ ಕೊಡಬೇಕಾದ ಪಾಲು. 1964ರ ತಿದ್ದುಪಡಿಯಿಂದ ಇದು ಡೇವಿಸ್-ಬೇಕನ್‌ಗೆ ಸೇರಿತು. ವಿಮೆ, ಪಿಂಚಣಿ ಯೋಜನೆಗೆ ಕಟ್ಟಬಹುದು, ನಗದಾಗಿ ಕೊಡಬಹುದು, ಎರಡನ್ನೂ ಸೇರಿಸಬಹುದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಮೂಲ ದರ 40 ಡಾಲರ್, ಫ್ರಿಂಜ್ 20 ಡಾಲರ್ ಅಂತ ಇಟ್ಟುಕೊಳ್ಳಿ. ಸಾಮಾನ್ಯ ಗಂಟೆಗೆ 60. ಫೆಡರಲ್ ಓವರ್‌ಟೈಮ್ ಗಂಟೆಗೆ 90 ಅಲ್ಲ. ಒಂದೂವರೆ ಪಟ್ಟು ಆಗುವುದು 40 ಮಾತ್ರ. ಅದು 60, ಅದರ ಮೇಲೆ ಫ್ರಿಂಜ್ 20, ಒಟ್ಟು 80. ಸಾಮಾನ್ಯ ಪೇರೋಲ್ ಸೇವೆಗಳು ನಗದು ಫ್ರಿಂಜನ್ನು ಕೂಲಿಯೊಳಗೇ ಸೇರಿಸಿಬಿಟ್ಟು ಎಲ್ಲಕ್ಕೂ ಒಂದೂವರೆ ಹಾಕುವುದನ್ನು ಕಂಡಿದ್ದೇನೆ. ಕೆಲಸಗಾರನಿಗೆ ನಷ್ಟವಿಲ್ಲ, ನಿಮ್ಮ ಬಿಡ್ (ಟೆಂಡರಿಗೆ ಹಾಕಿದ ಬೆಲೆ) ಮಾತ್ರ ಮುಳುಗುತ್ತದೆ.

ಇದಕ್ಕಿಂತ ಅಪಾಯದ್ದು ವಿಮೆಯ ಲೆಕ್ಕ. ಒಬ್ಬನ ವಿಮೆಗೆ ತಿಂಗಳಿಗೆ 500 ಡಾಲರ್ ಕಟ್ಟುತ್ತೀರಿ ಅನ್ನಿ, ವರ್ಷಕ್ಕೆ 6,000. ಅವನು ವರ್ಷಕ್ಕೆ 2,080 ಗಂಟೆ ದುಡಿದರೆ ಗಂಟೆಗೆ ಸಿಗುವ ಕ್ರೆಡಿಟ್, ಅಂದರೆ ಫ್ರಿಂಜ್ ಕೊಟ್ಟಂತೆ ತೋರಿಸಬಹುದಾದ ಮೊತ್ತ, 2.88 ಡಾಲರ್. ಅದರಲ್ಲಿ ಅರ್ಧ ಹೊತ್ತು ಖಾಸಗಿ ಕೆಲಸ ಮಾಡಿದ್ದಾನೆ ಅಂದುಕೊಂಡು, ಸರ್ಕಾರಿ ಕೆಲಸದ 1,040 ಗಂಟೆಗೇ ಭಾಗಿಸಿ 5.77 ತೋರಿಸುವ ಹಾಗಿಲ್ಲ. ಹಾಗೆ ತೋರಿಸಿದರೆ ಸರ್ಕಾರಿ ದುಡ್ಡಿನಲ್ಲಿ ಖಾಸಗಿ ಕೆಲಸದ ವಿಮೆ ಕಟ್ಟಿದಂತೆ. ಡೆಮೊ ಕೊಡುವವರನ್ನು ಈ ಲೆಕ್ಕ ಕೇಳಿ. ಉತ್ತರ ತಡವರಿಸಿದರೆ ಮುಂದಿನ ಕಂಪನಿಗೆ ಹೋಗಿ.

ಹಾಸನ ಕಂಟ್ರಾಕ್ಟರ್

ಓದುತ್ತಾ ಇದ್ದೆ, ಒಂದು ಪ್ರಶ್ನೆ. ನಮ್ಮಲ್ಲಿ ಪಿಡಬ್ಲ್ಯುಡಿ ಕೆಲಸಕ್ಕೂ ಮಸ್ಟರ್ ರೋಲ್ ಇಡುತ್ತೇವೆ, ಪಿಎಫ್ ಚಲನ್ ಕೊಡುತ್ತೇವೆ, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ 1% ಸೆಸ್ಸನ್ನು ಬಿಲ್‌ನಲ್ಲೇ ಹಿಡಿದುಕೊಳ್ಳುತ್ತಾರೆ. ಅಲ್ಲಿ ಇದಕ್ಕಿಂತ ಜಾಸ್ತಿ ಏನಿದೆ? ಪ್ರತಿ ವಾರ ಒಬ್ಬೊಬ್ಬ ಕೂಲಿಯವನ ಲೆಕ್ಕ ಯಾರು ಓದುತ್ತಾರೆ ಸಾರ್?

ಬೇ ಏರಿಯಾ ಪೇರೋಲ್

ಒಳ್ಳೆ ಪ್ರಶ್ನೆ ಸಾರ್. ಇಲ್ಲಿ ರಾಜ್ಯಕ್ಕೆಲ್ಲ ಒಂದೇ ಕನಿಷ್ಠ ಕೂಲಿ ಅಂತ ಅಲ್ಲ. ಪ್ರತಿ ಕೌಂಟಿಗೆ (ನಮ್ಮ ಜಿಲ್ಲೆ ಥರ), ಪ್ರತಿ ಕಸುಬಿಗೆ ಬೇರೆ ದರ. ಕೆಲಸ ಕಟ್ಟಡದ್ದಾ, ವಸತಿಯದ್ದಾ, ಹೆದ್ದಾರಿಯದ್ದಾ, ಅಣೆಕಟ್ಟಿನಂಥ ಭಾರಿ ಕೆಲಸವಾ ಅನ್ನುವುದರ ಮೇಲೂ ಬದಲಾಗುತ್ತೆ. ಫೆಡರಲ್ ದರಪಟ್ಟಿ ಸ್ಯಾಮ್ ಡಾಟ್ ಗವ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ವರದಿ ಓದುವವರು ಇದ್ದಾರೆ. ಇಲಾಖೆಯವರು ಸೈಟಿಗೆ ಬಂದು ಕೆಲಸಗಾರರನ್ನೇ ಮಾತಾಡಿಸುತ್ತಾರೆ: ಇವತ್ತು ಏನು ಕೆಲಸ, ಗಂಟೆಗೆ ಎಷ್ಟು ಕೊಡುತ್ತಾರೆ ಅಂತ. ಆಮೇಲೆ ಅದನ್ನು ಆ ವಾರದ ವರದಿ ಜೊತೆ ತಾಳೆ ನೋಡುತ್ತಾರೆ. ಸಬ್ ಕಂಟ್ರಾಕ್ಟರ್ ಕಡಿಮೆ ಕೊಟ್ಟರೆ ಪ್ರೈಮ್ ಕಂಟ್ರಾಕ್ಟರ್ ತುಂಬಿಕೊಡಬೇಕು. ಅದಕ್ಕೇ ಪ್ರೈಮ್‌ನವರು ವರದಿ ಬಾರದೆ ನಿಮ್ಮ ಬಿಲ್ ಬಿಡುವುದಿಲ್ಲ.

ಮೈಸೂರು ಬ್ಯಾಕ್ ಆಫೀಸ್

ಮೈಸೂರಿನಲ್ಲಿ ಕೂತು ಅಮೆರಿಕದ ಕಟ್ಟಡ ಕಂಪನಿಗಳ ಪೇರೋಲ್ ಡೇಟಾ ನೋಡುವ ತಂಡದಲ್ಲಿದ್ದೇನೆ. ವರದಿ ವಾಪಸ್ ಬರುವುದಕ್ಕೆ ಇರುವ ಕಾರಣಗಳು ಹೆಚ್ಚುಕಮ್ಮಿ ಒಂದೇ ಥರ.

ಜಾಸ್ತಿ ಬರುವುದು ಇದು: ಫಾರ್ಮಿನಲ್ಲಿ ಒಟ್ಟು ಸಂಪಾದನೆಯ ಜಾಗದಲ್ಲಿ ಎರಡು ಅಂಕಿ ಬೇಕು. ಈ ಪ್ರಾಜೆಕ್ಟಿನಲ್ಲಿ ದುಡಿದದ್ದು ಒಂದು, ಆ ವಾರ ಎಲ್ಲಾ ಕಡೆ ಸೇರಿ ದುಡಿದದ್ದು ಇನ್ನೊಂದು. ಯಾಕಂದರೆ ತೆರಿಗೆ ಕಡಿತ, ಕೈಗೆ ಬಂದ ಸಂಬಳ ಎಲ್ಲ ಇಡೀ ವಾರದ್ದು. ಸಾಫ್ಟ್‌ವೇರ್ ಪ್ರಾಜೆಕ್ಟಿನ ಅಂಕಿ ಮಾತ್ರ ಹಾಕಿದರೆ, 600 ಡಾಲರ್ ದುಡಿದವನ ಕೈಗೆ 1,100 ಬಂದಂತೆ ಕಾಣುತ್ತದೆ. ಅಲ್ಲಿಗೆ ವರದಿ ವಾಪಸ್. ನಿಮ್ಮ ಹುಡುಗರು ವಾರದಲ್ಲಿ ಅರ್ಧ ಡ್ರೈವ್‌ವೇ, ಅರ್ಧ ಸರ್ಕಾರಿ ಸೈಟ್ ಅಂತ ಓಡಾಡುವವರು ಅಲ್ವಾ, ನಿಮಗೆ ಇದು ಪ್ರತಿ ವಾರ ಎದುರಾಗುತ್ತೆ.

ಆಮೇಲೆ 'ಇತರೆ ಕಡಿತ'. ಅಡ್ವಾನ್ಸ್ ಕೊಟ್ಟಿದ್ದು, ಸಲಕರಣೆಗೆ ಹಿಡಿದದ್ದು ಎಲ್ಲ ಅದರಲ್ಲಿ ತುರುಕಿರುತ್ತಾರೆ. ವಿವರಣೆ ಇಲ್ಲದೆ ಹೋದರೆ ಪ್ರಶ್ನೆ ಬರುತ್ತೆ, ಬರಲೇಬೇಕು ಕೂಡ. ಕೋಪ್‌ಲ್ಯಾಂಡ್ ಕಾಯ್ದೆ ಬಂದದ್ದೇ ಅದಕ್ಕೆ. ಕಡಿತದ ಪಕ್ಕದಲ್ಲಿ ಟಿಪ್ಪಣಿ ಬರೆಯಲು ಜಾಗ ಇದೆಯಾ ನೋಡಿ.

ಸೋಷಿಯಲ್ ಸೆಕ್ಯುರಿಟಿ ನಂಬರ್ ಪೂರ್ತಿ ಹಾಕಿ ಕಳಿಸಬೇಡಿ. ವಾರದ ವರದಿಯಲ್ಲಿ ಅದಾಗಲೀ ಮನೆ ವಿಳಾಸವಾಗಲೀ ಹೋಗಬಾರದು. ಗುರುತಿಗೆ ಕೊನೆಯ ನಾಲ್ಕು ಅಂಕಿ ಸಾಕು. ಪೂರ್ತಿ ವಿವರ ಕಂಪನಿಯಲ್ಲಿ ಇರಬೇಕು, ಕೇಳಿದಾಗ ಕೊಡಬೇಕು. ಮತ್ತೆ, ಕೆಲಸವನ್ನು ನಮ್ಮಂಥ ಹೊರಗಿನ ತಂಡಕ್ಕೆ ಕೊಡುವುದಾದರೆ ಯಾರಿಗೆ ಯಾವ ಕಾಲಂ ಕಾಣಬೇಕು ಅಂತ ಬೀಗ ಹಾಕುವ ಅನುಕೂಲ ಸಾಫ್ಟ್‌ವೇರಿನಲ್ಲಿ ಇರಲಿ. ನಮಗೇ ಅದು ನೆಮ್ಮದಿ.

ಸಿಯಾಟಲ್ ಎಲೆಕ್ಟ್ರಿಕಲ್

ಯಾರೂ ಅಪ್ರೆಂಟಿಸ್ ಮಾತು ಎತ್ತಲಿಲ್ಲ. ನೋಂದಾಯಿತ ಕಾರ್ಯಕ್ರಮದಲ್ಲಿ ಇರುವ ಹುಡುಗನಿಗೆ ಮಾತ್ರ ಅಪ್ರೆಂಟಿಸ್ ದರ ಕೊಡಬಹುದು. ಹೊಸದಾಗಿ ಕಲಿಯುತ್ತಿದ್ದಾನೆ ಅಂತ ನೀವೇ ಕಡಿಮೆ ದರ ಹಾಕಿದರೆ ನಡೆಯುವುದಿಲ್ಲ, ಪೂರ್ತಿ ಕಸುಬುದಾರನ ದರವೇ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದಿಷ್ಟು ಇದೆ. ಸಾಮಾನ್ಯವಾಗಿ ಕಸುಬುದಾರರ 5 ಗಂಟೆಗೆ ಅಪ್ರೆಂಟಿಸ್‌ನ 1 ಗಂಟೆ ಅನ್ನುವ ಅನುಪಾತ, ಕಂಟ್ರಾಕ್ಟ್ ಸಿಕ್ಕಿದ್ದನ್ನು ಅಪ್ರೆಂಟಿಸ್ ಸಮಿತಿಗೆ ತಿಳಿಸುವ ಡಿಎಎಸ್ 140 ಮತ್ತು ಅಪ್ರೆಂಟಿಸ್ ಕಳಿಸಿ ಅಂತ ಕೇಳುವ 142 ಫಾರ್ಮ್‌ಗಳು, ತರಬೇತಿ ನಿಧಿಗೆ ವಂತಿಗೆ. ಡಿಎಎಸ್ 140 ಕೆಲಸ ಶುರುವಾಗುವ ಮೊದಲೇ ಹೋಗಬೇಕು. ಸಾಫ್ಟ್‌ವೇರ್ ಮುಂಚೆಯೇ ನೆನಪಿಸಿದರೆ ಒಳ್ಳೆಯದು. ನೆನಪಿಸದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಬರೆದಿಡಿ.

ಇನ್ನೊಂದು ಅನುಭವ. ನಾನು ಹಿಂದೆ ಇದ್ದ ಕಂಪನಿಯ ಸಾಫ್ಟ್‌ವೇರ್ ಹೊಸ ದರಪಟ್ಟಿ ಬಂದಾಗೆಲ್ಲ ತಾನೇ ದರ ಬದಲಾಯಿಸುತ್ತಿತ್ತು. ಮಾರುವವರು ಅದನ್ನೇ ದೊಡ್ಡ ಸೌಲಭ್ಯ ಅಂತ ಹೇಳುತ್ತಿದ್ದರು. ಆದರೆ ಫೆಡರಲ್ ಕೆಲಸದಲ್ಲಿ ಸಾಮಾನ್ಯವಾಗಿ ಕಂಟ್ರಾಕ್ಟಿಗೆ ಸೇರಿಸಿದ ದರಪಟ್ಟಿಯೇ ಆ ಕೆಲಸಕ್ಕೆ ಲಾಗೂ. ಎರಡು ಸೈಟಿನ ದರಗಳು ಕಲಸಿಹೋಗಿ ತಿಂಗಳುಗಟ್ಟಲೆ ಸರಿಮಾಡುವ ಕೆಲಸ ಆಯಿತು.

ಬೇ ಏರಿಯಾ ಪೇರೋಲ್

ಬಹಳ ಮುಖ್ಯವಾದ ಮಾತು. ಕ್ಯಾಲಿಫೋರ್ನಿಯಾದ ದರಪಟ್ಟಿಯಲ್ಲಿ ಅವಧಿ ಮುಗಿಯುವ ತಾರೀಖಿನ ಪಕ್ಕ ನಕ್ಷತ್ರದ ಗುರುತು ಇರುತ್ತದೆ. ಒಂದು ನಕ್ಷತ್ರ ಇದ್ದರೆ ಕೆಲಸ ಮುಗಿಯುವ ತನಕ ಅದೇ ದರ. ಎರಡು ನಕ್ಷತ್ರ ಇದ್ದರೆ ಮೊದಲೇ ಗೊತ್ತುಮಾಡಿದ ಏರಿಕೆ ಇದೆ, ಆ ತಾರೀಖಿನಿಂದ ಹೊಸ ದರ ಕೊಡಬೇಕು. ದರವನ್ನು ಪ್ರಾಜೆಕ್ಟಿಗೆ ಕಟ್ಟಿಹಾಕಲು ಬರಬೇಕು, ಬೇಕಾದಾಗ ತಾರೀಖು ಹಾಕಿ ಏರಿಸಲೂ ಬರಬೇಕು. ಎರಡೂ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಮೇಡಂ, ಡೆಮೊ ದಿನ ಅವರ ಮಾದರಿ ಡೇಟಾ ನೋಡಬೇಡಿ. ನಿಮ್ಮದೇ ಕಷ್ಟದ ಒಂದು ವಾರವನ್ನು ಹೆಸರು ತೆಗೆದು ಕೊಡಿ. ಸೋಮವಾರ 4 ಗಂಟೆ ಡ್ರೈವ್‌ವೇ, 4 ಗಂಟೆ ಸರ್ಕಾರಿ ಸೈಟ್. ಮಂಗಳವಾರ ಸೈಟಿನಲ್ಲಿ 10 ಗಂಟೆ: 6 ಲೇಬರರ್, 4 ಮೇಸನ್. ಬುಧವಾರ ಮಳೆ, ರಜೆ. ಒಬ್ಬನಿಗೆ ಅಡ್ವಾನ್ಸ್ ಕಡಿತ, ಒಬ್ಬನಿಗೆ ವಿಮೆ, ಉಳಿದವರಿಗೆ ನಗದು ಫ್ರಿಂಜ್. ಇದನ್ನು ನಿಮ್ಮ ಕಣ್ಣೆದುರಿಗೇ ಹಾಕಿ ತೋರಿಸಲಿ. ಆಮೇಲೆ ಮಂಗಳವಾರದ ಒಂದು ಗಂಟೆ ತಪ್ಪಾಗಿದೆ ಅಂತ ಹೇಳಿ, ತಿದ್ದಿಸಿ. ಹಳೆಯ ವರದಿ ಹಾಗೇ ಉಳಿದು, ತಿದ್ದಿದ್ದು ಬೇರೆಯಾಗಿ ಬರುತ್ತಾ? ಹಳೆಯದು ಮಾಯವಾದರೆ ಅದು ದಾಖಲೆ ಅಲ್ಲ. ಕೆಲಸ ಇಲ್ಲದ ವಾರಕ್ಕೂ 'ಕೆಲಸ ನಡೆದಿಲ್ಲ' ಅಂತ ವರದಿ ಮಾಡಲು ಬರುತ್ತಾ ನೋಡಿ, ಬಹಳ ಇಲಾಖೆಯವರು ಕೇಳುತ್ತಾರೆ.

ಬೆಲೆ ಕೇಳುವಾಗ ತಲೆಗೆ ಇಷ್ಟು ಅಂತಲಾ, ಪ್ರಾಜೆಕ್ಟಿಗೆ ಇಷ್ಟಾ, ವರದಿಗೆ ಇಷ್ಟಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಚಂದಾ ನಿಲ್ಲಿಸಿದ ಮೇಲೆ ಹಳೆಯ ದಾಖಲೆ ಸಿಗುತ್ತಾ ಅಂತಲೂ ಕೇಳಿ. ಇಡೀ ಪ್ರೈಮ್ ಕಂಟ್ರಾಕ್ಟಿನ ಕೆಲಸ ಮುಗಿದ ಮೇಲೂ ಮೂರು ವರ್ಷ ದಾಖಲೆ ಇಡಬೇಕು. ನಿಮ್ಮ ಕಾಂಕ್ರೀಟ್ ಮೊದಲೇ ಮುಗಿಯುತ್ತದೆ, ಕಟ್ಟಡ ಮುಗಿಯುವುದು ಎಷ್ಟೋ ತಿಂಗಳ ನಂತರ. ಮೂರು ವರ್ಷ ಎಣಿಸುವುದು ಆಮೇಲಿಂದ.

ಹೂಸ್ಟನ್ ಸೈಟ್ ಮ್ಯಾನೇಜರ್

ಎರಡು ಕಡೆ ವರದಿ, ದಿನದ ಓವರ್‌ಟೈಮ್ ಎಲ್ಲ ನೋಡಿದರೆ ಇವರಿಗೆ ಎಕ್ಸೆಲ್ ಕಷ್ಟವೇ, ಒಪ್ಪಿದೆ. ಆದರೂ ಮೊದಲ ಕೆಲವು ವಾರ ಒಬ್ಬಿಬ್ಬರ ಲೆಕ್ಕ ಕೈಯಲ್ಲಿ ಹಾಕಿ ಸಾಫ್ಟ್‌ವೇರ್ ಜೊತೆ ತಾಳೆ ನೋಡಿ. ಇದನ್ನು ಮಾತ್ರ ಬಿಡಬೇಡಿ.

ಸ್ಯಾಕ್ರಮೆಂಟೊ ಲೆಕ್ಕಪತ್ರ

ಎಲ್ಲರಿಗೂ ಕೈಮುಗಿಯುತ್ತೇನೆ. ಪ್ರೈಮ್‌ನವರ ಉತ್ತರ ಬಂತು: ಎಲ್‌ಸಿಪಿಟ್ರ್ಯಾಕರ್, ಜೊತೆಗೆ ಡಿಐಆರ್‌ಗೂ ನಾವೇ ಹಾಕಬೇಕು. ಕಷ್ಟದ ವಾರ ಕೊಟ್ಟಾಗ ಒಂದು ಕಂಪನಿಯವರು ಆಮೇಲೆ ಫೋನ್ ಮಾಡುತ್ತೇವೆ ಅಂದರು. ಇನ್ನೊಬ್ಬರು ಅಲ್ಲೇ ಹಾಕಿ ತೋರಿಸಿದರು, ಒಟ್ಟು ಸಂಪಾದನೆಯ ಎರಡೂ ಅಂಕಿ ಬಂತು, ತಿದ್ದಿದ್ದೂ ಬೇರೆಯಾಗಿ ನಿಂತಿತು. ವಿಮೆ ಲೆಕ್ಕ 2.88 ಅಂತಲೇ ಬಂತು. ಅವರದ್ದೇ ತೆಗೆದುಕೊಳ್ಳುವ ಯೋಚನೆ. ಈಗಿನ ಪೇರೋಲ್ ಸೇವೆ ಹಾಗೇ ಇರುತ್ತೆ. ಫೋರ್‌ಮನ್‌ಗಳಿಗೆ ಆ್ಯಪ್ ಈ ವಾರದಿಂದಲೇ ಕೊಟ್ಟಿದ್ದೇವೆ, ಖಾಸಗಿ ಕೆಲಸದಲ್ಲೇ ಅಭ್ಯಾಸ ಆಗಲಿ ಅಂತ.

ಕೊನೆಯದಾಗಿ ಒಂದು. ನಮ್ಮ ಯಾರ್ಡಿನಲ್ಲಿ ಇಬ್ಬರು ಬೆಳಿಗ್ಗೆ ಕಂಬಿ ಕತ್ತರಿಸಿ, ಬಗ್ಗಿಸಿ, ಆಮೇಲೆ ಸೈಟಿಗೆ ಹೋಗುತ್ತಾರೆ. ಆ ಹೊತ್ತೂ ಸರ್ಕಾರಿ ದರಕ್ಕೆ ಬರುತ್ತಾ?

ಬೇ ಏರಿಯಾ ಪೇರೋಲ್

ಯಾರ್ಡ್ ನಿಮ್ಮ ಕಂಪನಿಯದ್ದು, ಮೊದಲಿನಿಂದ ಇದೆ, ಈ ಕೆಲಸಕ್ಕಾಗಿಯೇ ಹಾಕಿದ್ದಲ್ಲ ಅಂದರೆ ಫೆಡರಲ್ ನಿಯಮದಲ್ಲಿ ಅದು ಸಾಮಾನ್ಯವಾಗಿ ಕೆಲಸದ ಸೈಟಿಗೆ ಸೇರುವುದಿಲ್ಲ. ಸೈಟಿನ ಪಕ್ಕದಲ್ಲೇ ಈ ಕೆಲಸಕ್ಕೆ ಅಂತ ಜಾಗ ಮಾಡಿಕೊಂಡು ಕತ್ತರಿಸಿದರೆ ಸೇರುತ್ತದೆ. ರಾಜ್ಯದ ಮಟ್ಟಿಗೆ ಡಿಐಆರ್‌ಗೆ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ. ಏನೇ ಇರಲಿ, ಆ್ಯಪ್‌ನಲ್ಲಿ 'ಯಾರ್ಡ್' ಅಂತ ಬೇರೆ ಕೋಡ್ ಈಗಲೇ ಮಾಡಿ. ಅವರಿಬ್ಬರೂ ಸೈಟಿಗೆ ಬಂದ ಮೇಲೆ ಕಂಬಿ ಕಟ್ಟುತ್ತಾರಾ, ಹೊರುತ್ತಾರಾ ಅಂತಲೂ ಫೋರ್‌ಮನ್‌ನ ಕೇಳಿ. ಕಟ್ಟುವುದಾದರೆ ಅದು ಲೇಬರರ್ ಅಲ್ಲ, ಕಂಬಿ ಕೆಲಸದವರ ದರ. ಬಿಡ್‌ನಲ್ಲಿ ಆ ದರ ಹಿಡಿದಿದ್ದಾರಾ ಅಂತ ಮಾಲೀಕರ ಜೊತೆ ಇವತ್ತೇ ಕೂತು ನೋಡಿ.